ಶುಕ್ರವಾರದ ಮೀನಿನ ದರ

ಹೊನ್ನಾವರ
೪ ಫೆಬ್ರವರಿ ೧೯೬೭

ಪ್ರೀತಿಯ ಮಗಳು ವಸಂತಿಗೆ,

ಅಂತೂ ದರ ಇಳಿಯಲಿಲ್ಲ. ನಿನ್ನೆ ಬರೆದ ಕಾರ್ಡಿನಲ್ಲಿ ಜಾಗ ಮುಗಿದು ಅಲ್ಲಿಗೇ ನಿಂತಿತಲ್ಲ, ಆ ಮಾತು. ಅದಿರಲಿ, ನಿನ್ನ ಆರೋಗ್ಯ ಹೇಗಿದೆ? ಮುಂಬಯಿಯ ನೀರಿಗೆ ಗಂಟಲು ಕಟ್ಟುವುದು ನಿಂತಿತೇ? ನನ್ನ ಮೊಣಕಾಲು ಪರವಾಗಿಲ್ಲ. ಮೀನುಪೇಟೆಗೆ ನಡೆದು ನಡೆದು ಸಡಿಲವಾಯಿತೋ ಏನೋ.

ದೀಪಾವಳಿಗೆ ನೀನು ಪಾಸ್ಕಲನನ್ನು ಕರೆತಂದು, ಮದುವೆಯಾದರೆ ಇವನನ್ನೇ ಎಂದಾಗ ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹುಡುಗ ಪಕ್ಕದ ಚಂದಾವರದವನೇ. ಆದರೆ ಕ್ರೈಸ್ತ, ಅದರ ಮೇಲೆ ಮುಂಬಯಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯಲಿಲ್ಲ. ಹೋದ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಪತ್ರಿಕೆಗಳಲ್ಲಿ ಬರೆದ ಪಂಡಿತರನ್ನು ನಂಬಿ ಕೂತವನಲ್ಲವೇ ನಾನು? ಅದಕ್ಕೇ ಜಗುಲಿಯಲ್ಲಿ ಅವನನ್ನು ಕೆಣಕಿದೆ, ನಿನ್ನ ಶಾಸ್ತ್ರ ನಮ್ಮ ಊರಿನ ಬಗ್ಗೆ ಒಂದಾದರೂ ಭವಿಷ್ಯ ಹೇಳಲಿ ಎಂದು. ಶುಕ್ರವಾರ ಮಾಂಸ ತಿನ್ನಬಾರದು, ಮೀನಾದರೆ ಅಡ್ಡಿಯಿಲ್ಲ ಎಂಬ ತಮ್ಮವರ ನೇಮ ಈಚೆಗೆ ಸಡಿಲವಾಗಿದೆ, ಇನ್ನು ಆ ದಿನ ಮೀನು ಕೊಳ್ಳುವವರು ಕಡಿಮೆಯಾಗಿ ದರ ಇಳಿಯುತ್ತದೆ ಎಂದ. ಡಿಮಾಂಡ್ ಆಂಡ್ ಸಪ್ಲೈ. ಮೀನಿನ ವಿಷಯದಲ್ಲಿ ಇವನ ಮಾತು ನಿಂತರೆ ಮಗಳ ವಿಷಯದಲ್ಲೂ ನಿಂತೀತು ಎಂದು ನಾನು ಮನಸ್ಸಿನಲ್ಲೇ ಪಣ ಕಟ್ಟಿದೆ.

ಅಂದಿನಿಂದ ಪ್ರತಿ ಶುಕ್ರವಾರ ಪೇಟೆಯಲ್ಲಿ ನಾನು. ಮೀನು ಮಾರುವ ತಿಮ್ಮಕ್ಕ ನಿನ್ನೆ ಕೇಳಿಯೇಬಿಟ್ಟಳು: “ಎಂತ ಒಡೆಯಾ, ವಾರಾ ವಾರಾ ದರ ಕೇಳ್ತ್ರಿ, ಮೀನು ಮಾತ್ರ ತಕಣೂದಿಲ್ಲ. ಸರ್ಕಾರ ಸಂಬಳ ಕೊಡ್ತದ್ಯಾ?” ನಿನ್ನ ಅಮ್ಮ ಇದ್ದಿದ್ದರೆ ಅವಳೊಂದಿಗೆ ಸೇರಿ ನಗುತ್ತಿದ್ದಳು.

ಅಲ್ಲಿಂದ ಇಗರ್ಜಿಗೆ ಹೋಗಿ ಪಾದ್ರಿಗಳನ್ನು ಕಂಡೆ. ಧಾರವಾಡದಲ್ಲಿ ಇಂಟರಿಗೆ ಕಲಿತ ಅರ್ಥಶಾಸ್ತ್ರದಲ್ಲಿ ‘ಸೆಟೆರಿಸ್’ ಎಂಬ ಅರ್ಧ ಲ್ಯಾಟಿನ್ ಮಾತಷ್ಟೇ ನೆನಪಿನಲ್ಲಿ ಉಳಿದಿತ್ತು. ಅವರು ‘ಪಾರಿಬಸ್’ ಎಂದು ಪೂರ್ತಿ ಮಾಡಿದರು. ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ ಎಂದು ಅರ್ಥವಂತೆ, ಭವಿಷ್ಯ ಹೇಳುವಾಗಲೆಲ್ಲ ಅಂಟಿಸುವ ಷರತ್ತು. ತಾವು ಲ್ಯಾಟಿನ್ ಬಿಟ್ಟು ಕೊಂಕಣಿಯಲ್ಲಿ ಪೂಜೆ ಶುರುಮಾಡಿದರೂ ಅರ್ಥಶಾಸ್ತ್ರದವರು ಇನ್ನೂ ಬಿಟ್ಟಿಲ್ಲ ಎಂದು ಅವರಿಗೆ ನಗು. ವಿಲಾಯತಿಯಲ್ಲಿ ಈ ಶಾಸ್ತ್ರ ಬೆಳೆಸಿದವರಲ್ಲಿ ಪಾದ್ರಿಗಳೂ ಇದ್ದರಂತೆ, ನಿನಗೆ ಗೊತ್ತಿತ್ತೇ? ದೇವರು ಮೊದಲ ಮನುಷ್ಯನನ್ನು ಇಟ್ಟ ತೋಟದಲ್ಲಿ ಕೊರತೆಯೇ ಇರಲಿಲ್ಲ, ಮನುಷ್ಯ ಅಲ್ಲಿಂದ ಹೊರಬಿದ್ದ ಮೇಲೆ ಬೆವರು ಸುರಿಸಿ ಉಣ್ಣಬೇಕಾಯಿತು. ನಮ್ಮ ಧರ್ಮಶಾಸ್ತ್ರ, ಅವರ ಅರ್ಥಶಾಸ್ತ್ರ, ಎರಡೂ ಆ ಬೇಲಿಯ ಹೊರಗಿನಿಂದಲೇ ಶುರು, ಎಂದರು. ಹಾಗಾದರೆ ಯಾರನ್ನು ನಂಬಬೇಕು ಎಂದೆ. “ನಮ್ಮಲ್ಲಿ ತಪ್ಪು ಹೇಳಿಕೊಳ್ಳೂಕೆ ಒಂದು ಮೂಲೆ ಇದೆ, ರಾಯರೇ. ಪಾಪ, ಅವರಿಗೆ ಎಂತ ಇದೆ?” ಎಂದರು.

ಮನೆಗೆ ಬಂದರೆ ಪಾಸ್ಕಲನ ಪತ್ರ. ಮೀನಿನ ದರ ಇನ್ನೂ ಇಳಿದಿಲ್ಲವೆಂದು ಹೋದ ವಾರ ನಾನೇ ಅವನಿಗೆ ತಿಳಿಸಿದ್ದೆ. ಸಬೂಬು ಹೇಳಿ ನಾಲ್ಕು ಪುಟ ತುಂಬಿಸಿರುತ್ತಾನೆ ಎಂದುಕೊಂಡೇ ಒಡೆದೆ. ನಾಲ್ಕೇ ಸಾಲು: ‘ನನ್ನ ಊಹೆ ತಪ್ಪಾಯಿತು. ನೇಮ ಸಡಿಲವಾದರೂ ನನ್ನ ಅಮ್ಮ ಶುಕ್ರವಾರ ಇಂದಿಗೂ ಮಾಂಸ ಬೇಯಿಸುವುದಿಲ್ಲವಂತೆ. ಅವಳನ್ನು ಒಂದು ಮಾತು ಕೇಳದೆಯೇ ಭವಿಷ್ಯ ಹೇಳಿದೆ.’ ರೂಪಾಯಿಯ ಬಗ್ಗೆ ಬರೆದ ಅಷ್ಟು ಪಂಡಿತರಲ್ಲಿ ಒಬ್ಬರಾದರೂ ಹೀಗೆ ಬರೆದದ್ದನ್ನು ನಾನು ಇಲ್ಲಿಯವರೆಗೆ ಓದಿಲ್ಲ. ಪಣದಲ್ಲಿ ಹುಡುಗ ಸೋತ, ಸರಿಯೇ. ಆದರೂ ಆ ಕಾಗದವನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ, ಯಾಕೆ ಅಂತ…

ಬೆಳಕು ಹೋಗುತ್ತಿದೆ. ಹೊಳೆಯಾಚೆಯ ಕಾಸರಕೋಡು ಆಗಲೇ ಕಾಣಿಸುತ್ತಿಲ್ಲ, ನನ್ನ ಅಕ್ಷರವೂ ಕಾಣಿಸುತ್ತಿಲ್ಲ. ಚೆನ್ನಾಗಿ ಉಂಡು ಸುಖವಾಗಿರು ಮಗಾ.

ನಿನ್ನ ಅಪ್ಪ,
ರಮಾನಂದ

ತಾ.ಕ.: ಈ ತಿಂಗಳ ಕೊನೆಯ ಶುಕ್ರವಾರ ಪಾಸ್ಕಲನನ್ನು ಕರೆದುಕೊಂಡು ಬಾ. ಅವನ ತಾಯಿಯನ್ನು ಕರೆಯಲು ನಾಳೆ ನಾನೇ ಚಂದಾವರಕ್ಕೆ ಹೋಗುತ್ತೇನೆ. ತಿಮ್ಮಕ್ಕನಿಗೆ ಒಳ್ಳೆಯ ಮೀನು ಹೇಳಿಟ್ಟಿದ್ದೇನೆ. ದರ ಕೇಳಲಿಲ್ಲ.