ಹೇಳಿಕೆ ಕೊಡದೆ ಹಾರಿಹೋದವನು

ಅಪ್ಪಾ,

ಇವತ್ತು ಸಂಪಾದಕರ ಜೊತೆ ಜಗಳವಾಡಿ ಬಂದೆ. ನಾನು ಬರೆಯುವ ಕಾಮಿಕ್ಸಿನಲ್ಲಿ ಹಾರುವ ಸೂಪರ್‌ಹೀರೊ ಇದ್ದಾನೆ. ಆದರೆ ಕಥೆ ಅವನದಲ್ಲ, ಅವನು ಹಾರಿಹೋದ ಮೇಲೆ ಬರುವ ಇಬ್ಬರು ಪೊಲೀಸ್ ಪತ್ತೇದಾರರದು. ಅವನು ಕೊಲೆಗಾರನನ್ನು ದೀಪದ ಕಂಬಕ್ಕೆ ಕಟ್ಟಿ ಹೊರಟುಬಿಡುತ್ತಾನೆ. ಹೇಳಿಕೆ ಕೊಟ್ಟು ಸಹಿ ಹಾಕಲು ನಿಲ್ಲುವುದಿಲ್ಲ. ಸಾಕ್ಷಿ ಸಿಗದಿದ್ದರೆ ಕೊಲೆಗಾರನನ್ನು ಬಿಡಬೇಕು. ಹಾಗಾಗಿ ಪತ್ತೇದಾರರು ಬೀದಿಯ ಒಂದೊಂದೇ ಮನೆಯ ಬಾಗಿಲು ತಟ್ಟುತ್ತಾರೆ.

"ಆರು ಪುಟ ಬರೀ ಬಾಗಿಲು ತಟ್ಟೋದೇ ಆಯ್ತಲ್ಲ ಮೇಡಂ! ಓದೋರು ಆಕಳಿಸ್ತಾರೆ. ಆ ಹೀರೊನೇ ಕೋರ್ಟಿಗೆ ಹಾರ್ಕೊಂಡು ಬರ್ಲಿ. ಇಲ್ಲಾಂದ್ರೆ ಈ ಸಂಚಿಕೆಗೇ ಮಂಗಳ ಹಾಡೋಣ," ಎಂದರು ಸಂಪಾದಕರು.

"ಹಾಡಿ ಸರ್. ಎಲ್ಲಾ ನೋಡಿರೋದು ಮೂವತ್ತೊಂಬತ್ತನೇ ಮನೆ ಅಜ್ಜಿ. ಅದಕ್ಕೆ ಮುಂಚೆ ಮೂವತ್ತೆಂಟು ಬಾಗಿಲು ತಟ್ಟಲೇಬೇಕು," ಎಂದೆ.

ಇದು ಹಟವೋ, ತಡವಾಗಿ ಬಂದ ಬುದ್ಧಿಯೋ ತಿಳಿಯದು. ನೀವೂ ಪತ್ತೇದಾರರೇ. ಸಂಜೆ ಬೂಟು ಬಿಚ್ಚುತ್ತಾ, "ಇವತ್ತು ಒಂದು ಮನೇಲಿ ಏನಾಯ್ತು ಗೊತ್ತಾ ಪುಟ್ಟೀ?" ಎಂದು ಶುರುಮಾಡುತ್ತಿದ್ದಿರಿ. ನಾನು ಇಂಗ್ಲಿಷ್ ಕಾಮಿಕ್ಸಿನಿಂದ ತಲೆಯೆತ್ತದೆ, "ಆಮೇಲೆ ಕೇಳ್ತೀನಪ್ಪಾ" ಎನ್ನುತ್ತಿದ್ದೆ. ಆ ಬಾಗಿಲುಗಳ ಹಿಂದೆ ನಿಮಗೆ ಯಾರು ಸಿಕ್ಕರೋ, ಏನಂದರೋ! ನೀವು ಹೋದ ಮೇಲೆ ಒಂದೊಂದನ್ನೂ ನಾನೇ ಊಹಿಸಿ ಬರೆಯಬೇಕಾಗಿದೆ.

ಈಗಷ್ಟೇ ಸಂಪಾದಕರು ಫೋನ್ ಮಾಡಿ, ಎರಡು ಪುಟ ಇಳಿಸಿದರೆ ಸಾಕು ಎಂದರು. ನಾನು ಏಳನೆಯ ಪುಟ ಬರೆಯುತ್ತಿದ್ದೇನೆ.