ಸಾಹುಕಾರ ಕೂತ ಮೆಟ್ಟಿಲು

ಮನೆಯಿಂದ, ಹೊಲಿಗೆ ಯಂತ್ರದ ಪಕ್ಕದ ಕಿಟಕಿಯ ಬಳಿ ಕೂತು
ಹದಿನಾರನೇ ತಾರೀಖು, ಬುಧವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ದೇವರು ನಿನ್ನ ಬೆನ್ನಿಗಿರಲಿ. ಹೇಗಿದ್ದೀಯಪ್ಪಾ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯಾ? ಹೋದ ಕಾಗದದಲ್ಲಿ ತಲೆನೋವು ಅಂತ ಬರೆದಿದ್ದೆ. ಹೋಯಿತೋ, ಇನ್ನೂ ಇದೆಯೋ? ಉಸಿರು ಸಲೀಸಾಗಿ ಆಡುತ್ತದೆಯೋ? ಒಂದೊಂದನ್ನೂ ಬಿಡಿಸಿ ಬರೆ. 'ಎಲ್ಲಾ ಆರಾಮು ಅಕ್ಕಾ' ಅಂತ ಒಂದೇ ಗೆರೆ ಗೀಚಿ ಕಳಿಸಿದರೆ ನಾನು ನಂಬುವವಳಲ್ಲ. ಅಮ್ಮ ಹೋದಾಗ ನಿನಗೆ ಆರು ವರ್ಷ, ನನಗೆ ಹದಿನೆಂಟು. ಅಂದಿನಿಂದ ನಿನ್ನ ಸುಳ್ಳುಗಳ ಮುಖ ನೋಡಿಕೊಂಡೇ ಬಂದಿದ್ದೇನೆ. ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ಕನ್ನಡಕದ ನಂಬರು ಮತ್ತೆ ಏರಿದೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಾರೆ, ಪೋಣಿಸಿ ಕೊಟ್ಟರೆ 'ನಂಗೆ ಕಾಣ್ತಿತ್ತು ಕಣೇ, ನಿಂಗೂ ಒಂದು ಕೆಲಸ ಇರ್ಲಿ ಅಂತ ಕರೆದೆ' ಅನ್ನುತ್ತಾರೆ.

ಇನ್ನು ನಿನ್ನ ನಾಯಿ, ಸಾಹುಕಾರನ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ಬದುಕಿದ್ದಾನೆ. ಈಗ ನನ್ನ ಕಾಲ ಬುಡದಲ್ಲೇ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದಾನೆ, ಫ್ಯಾನು ತಿರುಗುತ್ತಿದೆ. ಎರಡು ಸಾಲು ಬರೆಯುವುದು, ಬಗ್ಗಿ ಅವನ ಪಕ್ಕೆ ಏರಿಳಿಯುತ್ತದೆಯೇ ಅಂತ ನೋಡುವುದು, ಮತ್ತೆ ಎರಡು ಸಾಲು ಬರೆಯುವುದು, ಹೀಗೆ ನಡೆದಿದೆ ಈ ಕಾಗದ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ. ಬದುಕಿದ್ದಾನೆ ಅಂತ ತಿಳಿದುಕೊಂಡು ಮುಂದೆ ಓದು. ಯಾಕೆಂದರೆ ಅವನನ್ನು ಸಾವಿನ ಬಾಗಿಲವರೆಗೆ ಎಳೆದುಕೊಂಡು ಹೋದವಳು ನಾನೇ. ಸುಮ್ಮನೆ ಹೇಳುವ ಮಾತಲ್ಲ, ಕುತ್ತಿಗೆಪಟ್ಟಿ ಹಿಡಿದು ಎಳೆದೆ.

ನಿನ್ನ ಕಾಗದದಿಂದಲೇ ಶುರುವಾಯಿತು. ಸುರಂಗ ಕೊರೆಯುತ್ತಾ ಒಳಗೆ ಒಂದೂವರೆ ಮೈಲಿ ಹೋಗಿದ್ದೀರಿ, ಗಾಳಿ ಬಿಡುವ ಪೈಪು ಎರಡು ಸಲ ನಿಂತಿತ್ತು, 'ಇನ್ನೊಂದು ಗಂಟೆ ತಡ್ಕೊಳ್ರೋ' ಅಂತ ಮೇಸ್ತ್ರಿ ಅಂದ, ತಡೆದುಕೊಂಡೆವು ಅಂತ ಬರೆದಿದ್ದೆ. ನೀನು ತಮಾಷೆಗೆ ಬರೆದಂತೆ ಬರೆದಿದ್ದೆ. ನನಗೆ ನಗು ಬರಲಿಲ್ಲ. ನಾನು ಓದಿದ್ದು ಊರ ಶಾಲೆಯ ಏಳನೇ ಇಯತ್ತೆ. ಗಾಳಿ ಪೈಪು ಯಾಕೆ ನಿಲ್ಲುತ್ತದೆ, ಯಾರನ್ನು ಕೇಳಬೇಕು, ಯಾರಿಗೆ ಬೈಯಬೇಕು ಗೊತ್ತಿಲ್ಲ. ಗೊತ್ತಿರುವುದು ಒಂದೇ ಬಾಗಿಲು. ನಮ್ಮ ಬೀದಿಯ ಕೊನೆಗೆ ಗುಡ್ಡದ ಗುಡಿ ಇದೆಯಲ್ಲ, ಅದರ ಇನ್ನೂರು ಮೆಟ್ಟಿಲನ್ನು ಇಪ್ಪತ್ತೊಂದು ದಿನ ಹತ್ತುತ್ತೇನೆ, ನನ್ನ ತಮ್ಮನ ಉಸಿರು ಕಾಯಿ ಅಂತ ದೇವರಿಗೆ ಹರಕೆ ಹೊತ್ತೆ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನೀನು ಖುದ್ದು ಹತ್ತಲು ಆಗುವುದಿಲ್ಲವಲ್ಲ, ನಿನ್ನ ಪಾಲಿನ ಮೆಟ್ಟಿಲನ್ನು ನಿನ್ನ ನಾಯಿ ಹತ್ತಲಿ, ನೀನೇ ಹತ್ತಿದ ಹಾಗೆ ಅಂತ ಅದನ್ನೂ ಸೇರಿಸಿಬಿಟ್ಟೆ. ನಿನ್ನ ಭಾವ ಆಗಲೇ ಅಂದರು, 'ಹರಕೆ ಹೊತ್ತೋಳು ನೀನು, ಹೊರೋದು ಆ ಬಡಪಾಯಿ. ಅದನ್ನ ಒಂದು ಮಾತು ಕೇಳಿದ್ಯಾ?' ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೂ ಹೊಟ್ಟೆ ಬಂದಿದೆ, ನಾಲ್ಕು ಹೆಜ್ಜೆ ನಡೆದರೆ ಒಳ್ಳೆಯದೇ ಅಂದುಕೊಂಡೆ.

ಹತ್ತು ದಿನ ಬೆಳಕು ಹರಿಯುವ ಮುಂಚೆ ಹೋಗಿ ಬಂದೆವು. ಅವನು ಅಲ್ಲಲ್ಲಿ ನಿಲ್ಲುತ್ತಿದ್ದ, ಗೊರಗೊರ ಅನ್ನುತ್ತಿದ್ದ. ಅವನ ಗೊರಕೆ ನಿನಗೆ ಗೊತ್ತೇ ಇದೆ. ಮಲಗಿದರೂ ಗೊರಕೆ, ಎದ್ದರೂ ಗೊರಕೆ, ಉಂಡು ಎದ್ದ ಯಜಮಾನನ ಹಾಗೆ ಕೂತು ಸದ್ದು ಮಾಡುತ್ತಾನೆ ಅಂತಲೇ ಅಲ್ಲವೇ ನಾವು ಅವನಿಗೆ ಸಾಹುಕಾರ ಅಂತ ಹೆಸರಿಟ್ಟು ನಕ್ಕಿದ್ದು. ಮೇಲೆ ಹೋಗಿ ಕೈಮುಗಿದು, ಕಲ್ಲಿನ ತಂಪಿನ ಮೇಲೆ ಸ್ವಲ್ಪ ಹೊತ್ತು ಮಲಗಿಸಿ ಇಳಿಸಿಕೊಂಡು ಬರುತ್ತಿದ್ದೆ.

ಹನ್ನೊಂದನೇ ದಿನ, ಶುಕ್ರವಾರ, ತಡವಾಯಿತು. ಶಾಲೆಯ ಸಮವಸ್ತ್ರ ಅಂದೇ ಕೊಡಬೇಕಿತ್ತು, ನಲವತ್ತು ಅಂಗಿ, ಹತ್ತಕ್ಕೆ ಇನ್ನೂ ಗುಂಡಿಯ ಕಾಜಾ ಆಗಿರಲಿಲ್ಲ. ಕೂತು ಮುಗಿಸಿ ಏಳುವಷ್ಟರಲ್ಲಿ ಹತ್ತೂವರೆ. ಬಿಸಿಲು ಕಲ್ಲಿನ ಮೇಲೆ ಕಾದು ಕೂತಿತ್ತು. ನಾಳೆ ಎರಡು ಸಲ ಹತ್ತಿದರಾಯಿತು ಅಂತ ಮನಸ್ಸಿಗೆ ಬಂತು. ಆದರೆ ಒಂದು ದಿನ ತಪ್ಪಿದರೆ ಆ ದಿನವೇ ನಿನ್ನ ಪೈಪು ನಿಂತರೆ ಅನ್ನುವ ಹೆದರಿಕೆ. ಹೊರಟೆ. ಅರುವತ್ತನೇ ಮೆಟ್ಟಿಲಿಗೆ ಅವನು ಕೂತ. ಎಬ್ಬಿಸಿದೆ. ನೂರರ ಆಸುಪಾಸಿನಲ್ಲಿ ಮತ್ತೆ ಕೂತ, ಈ ಸಲ ನಾಲ್ಕೂ ಕಾಲು ಚಾಚಿ ಹೊಟ್ಟೆ ಹಾಕಿಬಿಟ್ಟ. ಹಟ ಅಂದುಕೊಂಡೆ ತಮ್ಮಾ. ಕುತ್ತಿಗೆಪಟ್ಟಿಗೆ ಹಗ್ಗ ಬಿಗಿದಿತ್ತು, ಎಳೆದೆ. ಬರಲಿಲ್ಲ. ಆಗ ನಾನು ಅವನ ಕಿವಿ ಹತ್ತಿರ ಬಗ್ಗಿ ನಿನ್ನ ಹೆಸರು ಹೇಳಿದೆ. 'ಏಳೋ, ಅವನಿಗೋಸ್ಕರ ಏಳು, ಅವನು ಒಳಗಿದಾನೆ ಕಣೋ' ಅಂದೆ. ನಿನ್ನ ಹೆಸರು ಕೇಳಿದ್ದೇ ಎದ್ದ. ಕಾಲು ನಡುಗುತ್ತಿತ್ತು, ಆದರೂ ಎದ್ದ. ಮೂರನೇ ಸಲ ಕೂತಾಗಲೂ ಅದೇ ಹೆಸರು ಹೇಳಿ ಎಬ್ಬಿಸಿದೆ.

ನೂರ ನಲವತ್ತನೇ ಮೆಟ್ಟಿಲಿನ ಕಟ್ಟೆಯ ಮೇಲೆ ಬಿದ್ದ. ಅವನ ಸದ್ದು ಗೊರಕೆಯಾಗಿರಲಿಲ್ಲ, ಹಸಿ ಮರಕ್ಕೆ ಗರಗಸ ಹಾಕಿದ ಹಾಗಿತ್ತು. ಬಾಯಿ ತುಂಬ ದಪ್ಪ ನೊರೆ. ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯಂತೆ. ಮೈ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ. ಹೆಗಲ ಮೇಲಿನ ಶಾಲು ಒದ್ದೆ ಮಾಡಿ ಅವನಿಗೆ ಬಿಗಿಯಾಗಿ ಸುತ್ತಿದೆ, ಬಾಟಲಿಯ ನೀರನ್ನು ಬಾಯಿಗೆ ಹುಯ್ಯಲು ಹೋದೆ. ಅಷ್ಟರಲ್ಲಿ ಮೆಟ್ಟಿಲು ಗುಡಿಸುವ ಹೆಂಗಸು ಪೊರಕೆ ಎಸೆದು ಓಡಿ ಬಂದಳು. 'ಬಾಯಿಗೆ ಹಾಕ್ಬೇಡ, ಅದು ಉಸಿರಾಡ್ಬೇಕಾ, ನೀರು ಕುಡೀಬೇಕಾ! ತೆಗಿ ಆ ಶಾಲು, ಬೇಯಿಸ್ತಿದ್ದೀಯಾ ಅದನ್ನ?' ಅಂತ ಗದರಿದಳು. ಕುತ್ತಿಗೆಪಟ್ಟಿಯನ್ನು ಅವಳೇ ಬಿಚ್ಚಿದಳು. ಇಬ್ಬರೂ ಸೇರಿ ನೆರಳಿಗೆ ಎಳೆದೆವು, ಅವಳ ಬಕೆಟ್ಟಿನ ನೀರನ್ನು ಹೊಟ್ಟೆಗೆ, ತೊಡೆಯ ಸಂದಿಗೆ, ಪಾದಕ್ಕೆ ಹುಯ್ದೆವು, ನಾನು ಸೆರಗಿನಿಂದ ಗಾಳಿ ಹಾಕಿದೆ. ಅವಳು ನೀರು ಹುಯ್ಯುತ್ತಲೇ ಬೈಯುತ್ತಿದ್ದಳು. 'ಹತ್ತು ದಿನದಿಂದ ನೋಡ್ತಿದ್ದೀನಮ್ಮಾ. ದಿನಾ ಕೂರ್ತಿತ್ತು, ದಿನಾ ಎಳೀತಿದ್ದೆ. ನಾಯಿ ಬಾಯಿಬಿಟ್ಟು ಇನ್ನೆಷ್ಟು ಹೇಳ್ಬೇಕು?' ಇಪ್ಪತ್ತಾರು ಕೆಜಿಯ ಅವನನ್ನು ಗೋಣಿಚೀಲದ ಮೇಲೆ ಮಲಗಿಸಿ ಎರಡು ತುದಿ ಹಿಡಿದು ಇಳಿಸಿದೆವು. ಪ್ರತಿ ಮೆಟ್ಟಿಲಿಗೂ ದೇವರ ಹೆಸರು ಹೇಳಿದೆ. ಹತ್ತುವಾಗ ಒಂದು ದಿನವೂ ಅಷ್ಟು ಭಕ್ತಿಯಿಂದ ಹೇಳಿರಲಿಲ್ಲ.

ದನ-ನಾಯಿಗಳ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಜ್ವರ ನೋಡಿದರು, ನೂರಾ ಏಳು. ಸೂಜಿ ಚುಚ್ಚಿ ಮೈಗೆ ನೀರು ಏರಿಸಿದರು, ಮುಖಕ್ಕೆ ಕೊಳವೆ ಇಟ್ಟು ಗಾಳಿ ಕೊಟ್ಟರು. ಆ ಕೊಳವೆ ನೋಡಿ ನನಗೆ ನಿನ್ನ ಪೈಪು ಕಣ್ಣಿಗೆ ಕಟ್ಟಿತು, ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಆಮೇಲೆ ಕರೆದು ಕೂರಿಸಿ ಹೇಳಿದರು. ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲವಂತೆ, ಒಳಗಿನ ಕಾವು ಏದುಸಿರಿನಲ್ಲೇ ಹೊರಗೆ ಹೋಗಬೇಕಂತೆ. ಈ ಬುಲ್‌ಡಾಗ್ ಜಾತಿಗೆ ಮುಖ ಒಳಕ್ಕೆ ಒತ್ತಿಬಿಟ್ಟಿದೆ, ಮೂಗಿನ ತೂತು ಗೀರಿನಷ್ಟೇ, ಗಂಟಲ ಹಿಂದಿನ ತೊಗಲು ಉದ್ದವಾಗಿ ದಾರಿಗೆ ಅಡ್ಡ ಬೀಳುತ್ತದೆ. ನಡೆಸಿದಷ್ಟೂ ಕಾವು, ಕಾವೇರಿದಷ್ಟೂ ಜೋರು ಉಸಿರು, ಜೋರಾಗಿ ಎಳೆದಷ್ಟೂ ಗಂಟಲು ಊದಿ ದಾರಿ ಮುಚ್ಚುತ್ತದೆ. 'ಗೊರಕೆ ಹೊಡೆಯುತ್ತಾ?' ಅಂತ ಕೇಳಿದರು. 'ಹೂಂ, ಸುಖವಾಗಿ ಹೊಡೀತಾನೆ' ಅಂದೆ. 'ಸುಖ ಅಲ್ಲಮ್ಮಾ ಅದು, ಪ್ರತಿ ಉಸಿರಿಗೂ ಅವನು ಪಡೋ ಕಷ್ಟ' ಅಂದರು. ನಾಲ್ಕು ವರ್ಷ ನಾವು ನಕ್ಕಿದ್ದು ಅದಕ್ಕೆ.

ಎರಡು ದಿನ ಅಲ್ಲೇ ಇಟ್ಟುಕೊಂಡಿದ್ದರು. ಮೊದಲ ದಿನ ಏನೂ ಹೇಳಲಾಗದು, ಒಳಗಿನ ಅಂಗಾಂಗ ಬೆಂದಿದ್ದರೆ ನಾಳೆ ಗೊತ್ತಾಗುತ್ತದೆ ಅಂದರು. ಆ ನಾಳೆ ಬರುವವರೆಗೆ ನಾನು ಬೆಂಚಿನ ಮೇಲೆ ಹೇಗೆ ಕೂತಿದ್ದೆ ಅಂತ ನಿನ್ನ ಭಾವನನ್ನು ಕೇಳು. ಭಾನುವಾರ ಮನೆಗೆ ಬಂದ. ನಿನ್ನ ಭಾವ ಕುತ್ತಿಗೆಪಟ್ಟಿಯನ್ನು ಕತ್ತರಿಯಿಂದ ತುಂಡು ಮಾಡಿ ಎಸೆದರು. ಎದೆಗೆ ಹಾಕುವ ಪಟ್ಟಿ ತಾವೇ ಹೊಲಿದಿದ್ದಾರೆ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು. ಟೇಪು ಹಿಡಿದು, 'ಎದೆ ಮೂವತ್ತು ಇಂಚು, ಸೊಂಟ ಇಪ್ಪತ್ತೆಂಟು, ಕುತ್ತಿಗೆ ಎಲ್ಲಿದೆಯೋ ಸಾಹುಕಾರಾ, ಆಸ್ಪತ್ರೇಲಿ ಬಿಟ್ಟು ಬಂದ್ಯಾ?' ಅಂತ ಅವನನ್ನು ಮಾತಾಡಿಸುತ್ತಾ ಅಳತೆ ತೆಗೆದರು. ನಗಿಸಲು ಅಂದರು, ಆಮೇಲೆ ತಾವೇ ಕನ್ನಡಕ ತೆಗೆದು ಒರೆಸಿಕೊಂಡರು. ಈಗ ತಂಪು ಹೊತ್ತಿನಲ್ಲಿ ಅಂಗಳದಲ್ಲಿ ಎರಡು ಸುತ್ತು, ಅಷ್ಟೇ. ತೂಕ ಇಳಿಸಬೇಕು, ಓಡಿಸಿ ಅಲ್ಲ, ಊಟ ಕಡಿಮೆ ಮಾಡಿ. ಚೇತರಿಸಿಕೊಂಡ ಮೇಲೆ ಮೂಗಿನ ತೂತು ಅಗಲ ಮಾಡಿ ಗಂಟಲ ತೊಗಲು ಕತ್ತರಿಸುವ ಆಪರೇಷನ್ ಮಾಡಿಸಿದರೆ ಸಲೀಸಾಗುತ್ತದಂತೆ. ಇಂಥ ನಾಯಿಗೆ ಪ್ರಜ್ಞೆ ತಪ್ಪಿಸುವುದೂ ಅಪಾಯವೇ ಅಂತ ಮುಚ್ಚಿಡದೆ ಹೇಳಿದರು. ನಾಯಿ ನಿನ್ನದು, ಮಾಡಿಸು ಅಥವಾ ಬೇಡ ಅನ್ನುವ ಮಾತು ನಿನ್ನಿಂದ ಬರಲಿ. ನನ್ನ ತೀರ್ಮಾನದ ಮೇಲೆ ನನಗೇ ನಂಬಿಕೆ ಹೋಗಿದೆ.

ಹರಕೆ ಮುರಿಯಿತು ತಮ್ಮಾ. ಅರುವತ್ತು ಮೆಟ್ಟಿಲು ಹತ್ತದೆ ಉಳಿದವು, ಅವು ನಿನ್ನ ಪಾಲಿನವು. ಶುಕ್ರವಾರದಿಂದ ಅಂಚೆಯವನ ಸೈಕಲ್ಲಿನ ಸದ್ದಾದರೆ ಬಾಗಿಲಿಗೆ ಓಡುತ್ತೇನೆ. ನಿನ್ನ ಭಾವನ ಮುಂದೆ ಅತ್ತೆ. ಅವರು ಕತ್ತರಿ ಕೆಳಗಿಟ್ಟು, 'ಹುಚ್ಚೀ, ನಾಯಿ ತಾನಾಗಿ ಕೂತ್ಕೊಂಡ್ತು ಅಂದ್ಕೊಂಡ್ಯಾ? ನೀನು ದೇವರನ್ನ ಮೇಲೆ ಹುಡುಕ್ತಿದ್ದೆ, ಅವನು ಅರುವತ್ತನೇ ಮೆಟ್ಟಿಲಿಗೇ ಇಳಿದು ಬಂದು ಅದನ್ನ ಕೂರಿಸಿದ. ನೀನು ಅವನ ಕೈಯಿಂದ ಕಿತ್ತು ಎಬ್ಬಿಸ್ದೆ' ಅಂದರು. ದೇವರ ಮನೆಗೆ ಕಾಲಿಡದ ಮನುಷ್ಯ ಹೀಗೆ ಅಂದರೆ ಏನು ಹೇಳುವುದು? ನಿಜವಿರಬಹುದು, ಗೊತ್ತಿಲ್ಲ. ಸೋಮವಾರದಿಂದ ಮತ್ತೆ ಹೋಗುತ್ತಿದ್ದೇನೆ, ಒಬ್ಬಳೇ, ಬೆಳಗಿನ ಜಾವ. ಅರುವತ್ತನೇ ಮೆಟ್ಟಿಲಿಗೆ ಬಂದಾಗ ಕಾಲು ಮುಂದಕ್ಕೆ ಏಳುವುದಿಲ್ಲ. ಅಲ್ಲೇ ಕೂತು ಕೈಮುಗಿದು ಇಳಿಯುತ್ತೇನೆ. ಗುಡಿಸುವವಳು ನೋಡಿ, 'ಈಗ ನಿಂಗೆ ಬುದ್ಧಿ ಬಂತು' ಅಂದು ನನ್ನ ಪಕ್ಕದಲ್ಲಿ ಒಂದು ಗಳಿಗೆ ಪೊರಕೆ ಊರಿ ಕೂರುತ್ತಾಳೆ.

ಅಂಚೆ ಹೊರಡುವ ಹೊತ್ತಾಯಿತು. ನಿನ್ನ ಭಾವ ನೆನೆಸಿಕೊಂಡಿದ್ದಾರೆ, ನಿನ್ನ ದಪ್ಪ ಅಂಗಿಯ ಅಳತೆ ಕಳಿಸಬೇಕಂತೆ. ಸಾಹುಕಾರ ತಲೆ ಎತ್ತಿ ನೋಡಿದ, ನಿನ್ನ ಹೆಸರನ್ನು ಗಟ್ಟಿಯಾಗಿ ಓದಿಕೊಂಡೆನೋ ಏನೋ. ನಿನ್ನ ಒಂದೊಂದು ಉಸಿರಿನ ಜೊತೆಗೂ ನನ್ನ ಹರಕೆ ಇರಲಿ.

ನಿನ್ನನ್ನು ಎತ್ತಿ ಬೆಳೆಸಿದ
ಅಕ್ಕ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯ ಇರಲಿಲ್ಲ. ನಿನ್ನ ಭಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಬಾವಿಯಿಂದ ನೀರು ತರುವಾಗ ಮುಖ ಕಪ್ಪಿಟ್ಟರೂ ಕೊಡ ಕೆಳಗಿಡುತ್ತಿರಲಿಲ್ಲ ನೀನು, ನಾಲ್ಕು ಜನ ನೋಡುತ್ತಾರೆ ಅಂತ. ಈಗಲೂ ಹಾಗೇ ಇದ್ದೀಯ, ನಿನ್ನ ಕಾಗದದಲ್ಲೇ ಕಾಣುತ್ತದೆ. ಇನ್ನು ಆ ಪೈಪು ನಿಂತರೆ, ತಲೆ ನೊಂದರೆ, ಎದೆ ಬಿಗಿದರೆ, ಎದ್ದು ಹೊರಗೆ ಬಾ. ಬರಲಾಗದಿದ್ದರೆ ಯಂತ್ರ ಬಿಟ್ಟು ಅಲ್ಲೇ ಕೂತುಬಿಡು, ಹೊತ್ತುಕೊಂಡಾದರೂ ತರುತ್ತಾರೆ. ಮೂರನೇ ಸಲಕ್ಕೆ ಕಾಯಬೇಡ, ಮೊದಲನೇ ಸಲವೇ ಕೂತುಬಿಡು. ಹಟಮಾರಿ ಅನ್ನಲಿ, ಸೋಮಾರಿ ಅನ್ನಲಿ, ಕೆಲಸ ಹೋದರೆ ಹೋಗಲಿ, ಇಲ್ಲಿ ಕಾಜಾ ಹಾಕಲು ಇನ್ನೊಂದು ಕೈ ಬೇಕೇ ಬೇಕು. ಮೇಸ್ತ್ರಿ ಹೇಗೆ ಎಬ್ಬಿಸುತ್ತಾನೆ ಅಂತ ನನಗೆ ಗೊತ್ತು, ನಾನೂ ಹಾಗೇ ಎಬ್ಬಿಸಿದವಳು. ಮನೆಯವರನ್ನು ನೆನೆಸಿಕೋ, ನಿನ್ನ ಅಕ್ಕನಿಗೋಸ್ಕರ ಏಳು ಅನ್ನುತ್ತಾನೆ. ನನ್ನ ಹೆಸರು ಹೇಳಿ ಎಬ್ಬಿಸಿದರೂ ಏಳಬೇಡ.