ಫ್ರೀಜರಿನಲ್ಲಿ ಉಕ್ಕಿನ ಉಂಗುರ

ಕಾರ್ ಶೆಡ್ಡಿನ ಮೆಟ್ಟಿಲು,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ಪ್ರೀತಿಯ ಅಪ್ಪಾ,

ಬಂತು, ಬಂತು, ಅತ್ತೆಯ ಕಾರಿನ ಚಕ್ರದಲ್ಲಿ ಕಚ್ಚಿಕೊಂಡು ಕೂತಿದ್ದ ಬೇರಿಂಗ್ ರೇಸ್ ಹೊರಗೆ ಬಂತು, ಅದಕ್ಕಿಂತ ದೊಡ್ಡ ಸುದ್ದಿ ಎಂದರೆ ಅತ್ತೆ ಇವತ್ತು ಮೊದಲನೇ ಸಲ ನನ್ನನ್ನು ಬಾಯಿ ತುಂಬಾ ಬೈದರು! ಹೊಸದಾಗಿ ಮದುವೆಯಾದವಳು ಬರೀ ‘ಸಿಹಿ ಸುದ್ದಿ’ ಎಂದು ಬರೆದರೆ ಅಮ್ಮ ಬೇರೇನೋ ಅಂದುಕೊಂಡು ಅಕ್ಕಪಕ್ಕದವರಿಗೆಲ್ಲ ಸಾರಿಬಿಡುತ್ತಾಳೆ, ಅದಕ್ಕೇ ಬಿಡಿಸಿ ಬರೆದೆ. ನೀವು ಹೇಗಿದ್ದೀರಿ? ಕೈ ನಡುಕ ಸ್ವಲ್ಪವಾದರೂ ಕಡಿಮೆಯಾಯಿತೇ? ಅಂಗಿಯ ಗುಂಡಿ ನೀವೇ ಹಾಕಿಕೊಳ್ಳುತ್ತೀರೋ, ಅಮ್ಮನೇ ಹಾಕಬೇಕೋ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದೀರೋ ಅಥವಾ ಅದನ್ನೂ ಕೊಯ್ದು ಒಳಗೇನಿದೆ ಎಂದು ನೋಡಿದ್ದಾಯಿತೋ? ನಾನು ಚೆನ್ನಾಗಿದ್ದೇನೆ. ಉಗುರಿನ ಸಂದಿಯಲ್ಲೆಲ್ಲ ಗ್ರೀಸು, ಈ ಹಾಳೆಯ ಮೇಲಿನ ಕಪ್ಪು ಬೆರಳಚ್ಚು ನನ್ನದೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ಮಧ್ಯೆ ಬಾಯಿ ಹಾಕಿ “ನಟ್ ಎಷ್ಟು ಬಿಗಿ ಮಾಡ್ದೆ?” ಎಂದು ಶುರು ಮಾಡುತ್ತೀರಿ, ನನ್ನ ಕಥೆ ಅಲ್ಲೇ ಪಂಕ್ಚರ್. ಇಂಗ್ಲಿಷ್ ಮೀಡಿಯಂ ಮಗಳ ಕಾಗುಣಿತಕ್ಕೆ ಕೆಂಪು ಶಾಯಿ ಹಚ್ಚದೆ ಕೊನೆಯವರೆಗೆ ಓದಿ, ಮೇಷ್ಟ್ರೇ.

ಅತ್ತೆಯ ಕಾರು ನಿಮಗೆ ನೆನಪಿದೆಯಲ್ಲ, ಬೂದು ಬಣ್ಣದ್ದು, ಮದುವೆಗೆ ಬಂದಾಗ ನೀವು ನೆಂಟರನ್ನೆಲ್ಲ ಬಿಟ್ಟು ಬಗ್ಗಿ ನೋಡಿದ್ದಿರಲ್ಲ, ಅದೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಅವರೇ ದುಡಿದು ಕೊಂಡದ್ದು. ಪ್ರತಿ ವಾರ ಅದನ್ನು ಓಡಿಸಿಕೊಂಡು ಊರಾಚೆ ಇರುವ ತಮ್ಮ ಅಕ್ಕನ ಮನೆಗೆ ಹೋಗುತ್ತಿದ್ದರು. ಹಾಸಿಗೆ ಹಿಡಿದಿರುವ ಅಕ್ಕನ ತಲೆ ಬಾಚಿ, ಹಳೆಯ ಜಗಳಗಳನ್ನೆಲ್ಲ ಹೊಸದಾಗಿ ಆಡಿ, ನಗುನಗುತ್ತಾ ವಾಪಸು ಬರುತ್ತಿದ್ದರಂತೆ. ಆಮೇಲೆ ಮುಂದಿನ ಎಡ ಚಕ್ರ ಊಳಿಡಲು ಶುರುವಾಯಿತು. ಗ್ಯಾರೇಜಿನವರು ಬೇರಿಂಗೇನೋ ಸಿಗುತ್ತದೆ, ಆದರೆ ಹಳೇ ರೇಸ್ ಚಕ್ರದ ಹಬ್ಬಿನೊಳಗೆ ಹಿಡಿದುಕೊಂಡಿದೆ, ಹಬ್ಬನ್ನೇ ಬದಲಾಯಿಸಬೇಕು, ಇಷ್ಟು ಹಳೇ ಗಾಡಿಗೆ ಅದೆಲ್ಲಿ ಸಿಗುತ್ತದೆ ಎಂದು ಕೈ ಎತ್ತಿಬಿಟ್ಟರು. ಅತ್ತೆ ಗುಜರಿಯವನಿಗೆ ಸೋಮವಾರ ಬಾ ಎಂದು ಹೇಳಿದ್ದರು, ಅಂದರೆ ನಾಳೆ! “ಹೋಗ್ಲಿ ಬಿಡಿ, ಕಬ್ಬಿಣ ತಾನೆ” ಎನ್ನುತ್ತಲೇ ದಿನಾ ಬೆಳಿಗ್ಗೆ ಸ್ಟೇರಿಂಗ್ ಒರೆಸುತ್ತಿದ್ದರು, ಅಪ್ಪಾ.

ಆದರೆ ನಾನು ಹೇಗೆ ಕೇಳಲಿ? ಈ ಮನೆಯಲ್ಲಿ ನಾನಿನ್ನೂ ನೆಂಟಳು. “ನೀವು ಕೂತ್ಕೊಳ್ಳಿ, ನಿಮಗ್ಯಾಕೆ ತೊಂದ್ರೆ” ಎನ್ನುತ್ತಾರೆ. ನನಗೆ ಚಿನ್ನದ ಗೆರೆಯ ಕಪ್-ಸಾಸರಿನಲ್ಲಿ ಟೀ, ಅವರ ಮಗನಿಗೆ ಕಿವಿ ಮುರಿದ ಕಪ್ಪಿನಲ್ಲಿ. ಆ ಚಿನ್ನದ ಗೆರೆ ನೋಡಿದರೇ ನನಗೆ ಅಳು ಬರುತ್ತಿತ್ತು. ನಿನ್ನೆ ಧೈರ್ಯ ಮಾಡಿ, “ಅತ್ತೆ, ಆ ಚಕ್ರ ನಾನು ಬಿಚ್ಚಲಾ?” ಎಂದೆ. ಅವರು ಮಗನ ಮುಖ ನೋಡಿದರು. ನಿಮ್ಮ ಅಳಿಯರಾಯರು, ದೇವರು ತಣ್ಣಗಿಟ್ಟಿರಲಿ, “ಅಮ್ಮ, ಅವರಪ್ಪ ಗಣಿತದ ಮೇಷ್ಟ್ರು, ಆದ್ರೆ ಭಾನುವಾರ ಮಾತ್ರ ಮನುಷ್ಯರಾಗಿ ಕಾರಿನ ಕೆಳಗಿರ್ತಾರೆ, ಇವಳು ಅಲ್ಲೇ ಬೆಳ್ದಿದ್ದು” ಎಂದರು. ಅತ್ತೆ, “ನಾಳೆ ಸಂಜೆವರೆಗೂ ಮಾಡಿ. ಆಮೇಲೆ ಗುಜರಿಯವನಿಗೆ ಕೊಡೋದೇ” ಎಂದು ಒಳಗೆ ಹೋದರು. ಆಗಲೇ ಅಂಗಡಿಗೆ ಓಡಿ ಹೊಸ ಬೇರಿಂಗ್ ತಂದೆವು.

ಅಮ್ಮನಿಗೆ ಓದಿ ಹೇಳುವಾಗ ಇದನ್ನೂ ಸೇರಿಸಿ: ರೇಸ್ ಅಂದರೆ ಉಕ್ಕಿನ ಉಂಗುರ, ಅದರೊಳಗೆ ರೋಲರುಗಳು ಉರುಳುತ್ತವೆ, ಅದು ಚಕ್ರದ ನಡುವಿನ ಹಬ್ಬಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಿಂದಿನಿಂದ ಸರಳು ತೂರಿಸಿ ಒಂದೇಟು ಈ ಕಡೆ, ಒಂದೇಟು ಆ ಕಡೆ ಕೊಟ್ಟು ಹೊರಡಿಸಬೇಕು. ನಮ್ಮ ಮಹಾಶಯರು, ದಿನಾ ಊರಿನವರ ಹಲ್ಲು ಕೀಳುವ ದಂತವೈದ್ಯರು, ಸುತ್ತಿಗೆ ಕೈಗೆ ಸಿಕ್ಕಿದ್ದೇ ತಡ ಒಂದೇ ಕಡೆಗೆ ಪಟಪಟನೆ ಬಾರಿಸಿಬಿಟ್ಟರು! ರೇಸ್ ಓರೆಯಾಗಿ ಇನ್ನಷ್ಟು ಗಟ್ಟಿಯಾಗಿ ಸಿಕ್ಕಿಕೊಂಡಿತು. “ಒಂದೇ ಕಡೆ ಎಳೆದ್ರೆ ಬೇರು ಮುರಿಯುತ್ತೆ ಅಂತ ನಿಮ್ಮ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?” ಎಂದೆ. ಪಾಪ, ಮುಖ ಸಣ್ಣದಾಯಿತು, ಆದರೆ ಎದ್ದು ಹೋಗಿ ಹಲ್ಲಿನ ಹಿಂಬದಿ ನೋಡುವ ಪುಟ್ಟ ಕನ್ನಡಿ ತಂದರು. ಅದನ್ನು ಹಬ್ಬಿನೊಳಗೆ ಇಳಿಸಿದರೆ ರೇಸಿನ ಹಿಂದೆ, ಸರಳು ಊರಲು ಬಿಟ್ಟಿರುವ ಎರಡು ಕಚ್ಚುಗಳು ಎಷ್ಟು ಸ್ಪಷ್ಟ! ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು. (ತಬ್ಬಿಕೊಂಡೆ. ಅವರ ಬಿಳಿ ಅಂಗಿ ಇನ್ನು ಶೆಡ್ಡಿಗೇ ಮೀಸಲು.)

ಆದರೂ ಅದು ಜಪ್ಪಯ್ಯ ಎನ್ನಲಿಲ್ಲ. ಹಬ್ಬಿಗೆ ಶಾಖ ಕೊಟ್ಟೆವು, ಎಣ್ಣೆ ಬಿಟ್ಟೆವು, ಹೊಡೆದೆವು, ಮಧ್ಯಾಹ್ನ ಕಳೆಯಿತು. ಇನ್ನು ಆಗದು, ನಾಳೆ ಗುಜರಿಯವನು ಬಂದೇ ಬಿಡುತ್ತಾನೆ ಎಂದು ನನ್ನ ಕಣ್ಣು ತುಂಬಿಕೊಂಡಿತ್ತು. ಆಗ ಬಾಗಿಲಿನಿಂದ ದನಿ ಬಂತು: “ಏಯ್ ಹುಡುಗಿ, ಅಲ್ಲಲ್ಲ! ಆ ಕಡೆ ಸದ್ದು ಸತ್ತಿದೆ, ಅಲ್ಲೇ ಹಿಡ್ಕೊಂಡಿರೋದು. ಅಲ್ಲಿಗೆ ಕೊಡು!” ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು. ವರ್ಷಗಟ್ಟಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವ ಲೈನು ಕೆಟ್ಟಿದೆ ಎಂದು ಗೊರಗೊರದಲ್ಲೇ ಹಿಡಿದವರಲ್ಲವೇ! ನಾನು ಸರಳು ಹಿಡಿದೆ, ಇವರು ಹಬ್ಬು ತಿರುಗಿಸಿದರು, ಅತ್ತೆ “ಎಡಕ್ಕೆ… ಸ್ವಲ್ಪ ಎಡಕ್ಕೆ… ಈಗ ಬಲಕ್ಕೆ… ಹಾಂ, ಬಾಯಿ ಬಿಡ್ತು ನೋಡು” ಎನ್ನುತ್ತಾ ಹೋದರು. ಠಣ್ ಎಂದು ನೆಲಕ್ಕೆ ಬಿತ್ತು, ಅಪ್ಪಾ! ಮೂವರೂ ಚಿಕ್ಕ ಮಕ್ಕಳ ಹಾಗೆ ಕೂಗಿಕೊಂಡೆವು.

ಬೈಗುಳ ಸಿಕ್ಕಿದ್ದು ಆಮೇಲೆ. ನಿಮ್ಮ ಪದ್ಧತಿಯಂತೆ ಹೊಸ ರೇಸನ್ನು ಬಟ್ಟೆಯಲ್ಲಿ ಸುತ್ತಿ ಬೆಳಿಗ್ಗೆಯೇ ಫ್ರೀಜರಿನಲ್ಲಿಟ್ಟಿದ್ದೆ, ಚಳಿಗೆ ಕುಗ್ಗಿ ಸಲೀಸಾಗಿ ಕೂರಲಿ ಎಂದು. ನಮ್ಮ ಮನೆಯಲ್ಲಿ ಬಟಾಣಿಯ ಪಕ್ಕ ಬೇರಿಂಗ್ ಇರುವುದು ಮಾಮೂಲಿ, ಹೇಳಬೇಕೆಂದೇ ನನಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಇಲ್ಲ! ಹೊಸ ಮದುಮಗಳು ಮೈಮರೆತು ಇಟ್ಟಿದ್ದಾಳೆ ಎಂದುಕೊಂಡು ಅತ್ತೆ ಅದನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಒರೆಸಿ, ಕಿಟಕಿಯ ಬಿಸಿಲಿಗೆ ಇಟ್ಟಿದ್ದರು. ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ವಿಷಯ ತಿಳಿಸಿದಾಗ ಹಣೆ ಚಚ್ಚಿಕೊಂಡು, “ಫ್ರಿಜ್ಜಲ್ಲಿ ಕಬ್ಬಿಣ ಇಡೋ ಮನೆಯಿಂದ ಹೆಣ್ಣು ತಂದನಲ್ಲಪ್ಪ ನನ್ನ ಮಗ! ಬಾಯಲ್ಲೇನು ಗ್ರೀಸ್ ತುಂಬ್ಕೊಂಡಿದ್ಯಾ, ಹೇಳೋಕೇನಾಗಿತ್ತೇ ಕತ್ತೆ!” ಎಂದರು. ಮತ್ತೆ ತಣ್ಣಗಾಗುವವರೆಗೆ ಕಾಯುತ್ತಾ ಟೀ ಕುಡಿದೆವು. ನನ್ನ ಟೀ ಕಿವಿ ಮುರಿದ ಕಪ್ಪಿನಲ್ಲಿ ಬಂತು. ಬೆರಳು ಸುಟ್ಟುಕೊಂಡು ಕುಡಿದೆ, ಅಷ್ಟು ರುಚಿಯಾದ ಟೀ ಈ ಜನ್ಮದಲ್ಲಿ ಕುಡಿದಿಲ್ಲ.

ಆಮೇಲೆ ನೀವು ಹೇಳಿಕೊಟ್ಟಂತೆಯೇ ಹಳೆಯ ರೇಸ್ ಮತ್ತೆ ಕಚ್ಚಿಕೊಳ್ಳದಂತೆ ಅದರ ಹೊರಮೈ ಸ್ವಲ್ಪ ಉಜ್ಜಿ, ಅದನ್ನೇ ಹೊಸದರ ಮೇಲೆ ತಿರುವಿಟ್ಟು ಹೊಡೆದು ಕೂರಿಸಿದೆ. ಏಟಿನ ಸದ್ದು ತಟ್ಟನೆ ಗಟ್ಟಿಯಾದಾಗ ಅತ್ತೆಯೇ “ಕೂತ್ಕೊಂಡ್ಲು” ಎಂದರು. ಈಗ ತಾಯಿ ಮಗ ಬೀದಿಯಲ್ಲಿ ಒಂದು ಸುತ್ತು ಹೋಗಿದ್ದಾರೆ, ಚಕ್ರ ಉಸಿರೂ ಬಿಡುತ್ತಿಲ್ಲ. ಗುಜರಿಯವನಿಗೆ ಬರಬೇಡ ಎಂದು ಫೋನಾಯಿತು. ಅಪ್ಪಾ, ಹುಡುಗಿಗ್ಯಾಕೆ ಇದೆಲ್ಲ ಎಂದವರ ಮುಂದೆಯೇ ನನ್ನ ಕೈಗೆ ಟಾರ್ಚ್ ಕೊಟ್ಟು, “ನನ್ನ ಮುಖಕ್ಕಲ್ಲ, ಕೆಲಸಕ್ಕೆ ಹಿಡಿ” ಎಂದು ಬೈದಿರಲ್ಲ, ಆ ಭಾನುವಾರಗಳಿಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ? ಈ ಮನೆಯ ಬಾಗಿಲು ನನಗೆ ಅವುಗಳಿಂದಲೇ ತೆರೆಯಿತು.

ಅಮ್ಮನಿಗೆ ಒಂದು ಮುತ್ತು. ನಿಮ್ಮಿಬ್ಬರ ಪಾದಕ್ಕೆ, ಕೈ ತೊಳೆದ ಮೇಲೆ, ನನ್ನ ನಮಸ್ಕಾರ.

ನಿಮ್ಮ ಟಾರ್ಚ್ ಹುಡುಗಿ,
ಪುಟ್ಟಿ

ಮರೆತಿದ್ದೆ: ಕೈ ನಡುಗುತ್ತದೆಂದು ನೀವು ನಮ್ಮ ಕಾರಿಗೆ ಟಾರ್ಪಾಲ್ ಹೊದಿಸಿ, ಇನ್ನು ಮಾರಿಬಿಡೋಣ ಎಂದಿರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಟಾರ್ಪಾಲ್ ತೆಗೆಯಿರಿ. ಇನ್ನು ಮೇಲೆ ಸುತ್ತಿಗೆ ನಾನು ಹಿಡಿಯುತ್ತೇನೆ, ಟಾರ್ಚ್ ನೀವು ಹಿಡಿಯಿರಿ. ಬೆಳಕು ಅಲುಗಾಡಿದರೆ ಅಲುಗಾಡಲಿ, ನಾನು ಬೈಯುತ್ತೇನೆ, ನೀವು ಬೈಸಿಕೊಳ್ಳಿ. ಕಾರು ಈ ವಾರ ಅತ್ತೆಯ ಅಕ್ಕನ ಮನೆಗೆ ಹೋಗಬೇಕು, ಅದಕ್ಕೇ ನಾನು ರೈಲಿನಲ್ಲಿ ಬರುತ್ತೇನೆ. ಫ್ರೀಜರಿನಲ್ಲಿ ಜಾಗ ಮಾಡಿಡಿ. ಗುರುವಾರ, ಬೆಳಗಿನ ಪ್ಯಾಸೆಂಜರ್.